ಸ್ಟಾರ್ಟ್ ಆಗದ ಎಂಜಿಬಿಯ ಯಜಮಾನರು

ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ ಯಜಮಾನರು ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಇಂದಿಗೂ ಸಾಕಷ್ಟು ಸಂಖ್ಯೆಯಲ್ಲಿ ಕಾಣಸಿಗುತ್ತಾರೆ. ಸಾಮಾನ್ಯವಾಗಿ ಕೆಲಸದಿಂದ ನಿವೃತ್ತರು. ಮೊಣಕೈಯಲ್ಲಿ ಗ್ರೀಸು, ಕಿವಿಯ ಮೇಲೆ ಪೆನ್ಸಿಲು. ಭಾನುವಾರ ಬೆಳಿಗ್ಗೆ ಬಿಸಿಲು ಬಿದ್ದರೆ ಗ್ಯಾರೇಜಿನ ಬಾಗಿಲು ತೆರೆಯುತ್ತದೆ. ಅಬಿಂಗ್ಡನ್ ಕಾರ್ಖಾನೆ 1962ರಿಂದ 1980ರವರೆಗೆ ಈ ಕಾರುಗಳನ್ನು ಐದು ಲಕ್ಷಕ್ಕೂ ಮಿಕ್ಕಿ ತಯಾರಿಸಿತು. ಬಹುಪಾಲು ಅಮೆರಿಕಕ್ಕೆ ಹೋದವು, ಉಳಿದವು ಇಂಥವರ ಪಾಲಿಗೆ ಬಂದವು. ನಲವತ್ತು ವರ್ಷ ದಾಟಿದ ಕಾರಿಗೆ ಬ್ರಿಟನ್ನಿನಲ್ಲಿ ರಸ್ತೆ ತೆರಿಗೆಯಿಲ್ಲ. 2018ರಿಂದ ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆಯೂ ಇಲ್ಲ. ಸರ್ಕಾರ ಕೈಬಿಟ್ಟ ಆ ತಪಾಸಣೆಯನ್ನು ಯಜಮಾನರು ತಾವೇ ವಹಿಸಿಕೊಂಡು ವಾರಕ್ಕೊಮ್ಮೆ ನಡೆಸುತ್ತಾರೆ.

ಅವರ ಪೂರ್ಣ ಸ್ವರೂಪ ಪ್ರಕಟವಾಗುವುದು ಕಾರು ಸ್ಟಾರ್ಟ್ ಆಗದ ದಿನ. ಬಾನೆಟ್ ಎತ್ತುತ್ತಾರೆ, ಕಾರ್ಬುರೇಟರುಗಳನ್ನು ಒಮ್ಮೆ ನೋಡುತ್ತಾರೆ, "ಅಂದುಕೊಂಡಿದ್ದೆ" ಎನ್ನುತ್ತಾರೆ. ಎಸ್‌ಯು ಮಾದರಿಯ ಆ ಜೋಡಿ ಕಾರ್ಬುರೇಟರುಗಳು ರಾತ್ರೋರಾತ್ರಿ ಕೆಡುವುದು ಅಪರೂಪ. ಆದರೆ ಅವು ನಿಂತಲ್ಲೇ ಕೈಗೆ ಸಿಗುತ್ತವೆ. ಕೆಲವು ಸ್ಕ್ರೂ ಕಳಚಿದರೆ ಉಬ್ಬು ಮುಚ್ಚಳ ಎದ್ದು ಬರುತ್ತದೆ, ಒಳಗೆ ಪಿಸ್ಟನ್ನೂ ಸೂಜಿಯೂ ಇರುತ್ತವೆ, ಉಜ್ಜಿದರೆ ಮುಚ್ಚಳದಲ್ಲಿ ಮುಖ ಕಾಣುತ್ತದೆ. ಯಜಮಾನರ ಅನುಮಾನ ಕೆಟ್ಟಿರಬಹುದಾದ ಭಾಗವನ್ನು ದಾಟಿ, ಬಿಚ್ಚಲು ಇಷ್ಟವಾದ ಭಾಗದ ಮೇಲೆ ಹೋಗಿ ಕೂರುತ್ತದೆ. ಅವರ ಮಿಕ್ಕ ನಡವಳಿಕೆಯೆಲ್ಲ ಇದೊಂದರಿಂದಲೇ ಹುಟ್ಟುವಂಥದ್ದು.

ಬೆಂಗಳೂರು, ಮೈಸೂರಿನ ಹಳೆಯ ಅಂಬಾಸಿಡರ್ ಮೇಸ್ತ್ರಿಗಳಿಗೆ ಈ ಎಂಜಿನ್ ತೋರಿಸಿದರೆ ಹೊಸತೇನೂ ಅನ್ನಿಸದು. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ವಂಶದ ದಾಯಾದಿಗಳು. ಮೇಸ್ತ್ರಿ ಕೇಳುವುದು ಎರಡೇ ಮಾತು: ಕರೆಂಟ್ ಬರ್ತಿದೆಯಾ, ಪೆಟ್ರೋಲ್ ಬರ್ತಿದೆಯಾ? ಯಜಮಾನರಿಗೂ ಈ ಕ್ರಮ ಬಾಯಿಪಾಠ. ಇನ್ನೊಬ್ಬರ ಕಾರು ನಿಂತಾಗ ಅವರು ಇದನ್ನು ತಪ್ಪದೆ ಪಾಲಿಸುತ್ತಾರೆ.

ಸೆಲ್ಫ್ ಹೊಡೆದಾಗ ಎಂಜಿನ್ ತಿರುಗದಿದ್ದರೆ ಮೊದಲು ಹೆಡ್‌ಲೈಟ್ ಹಾಕಿ ನೋಡಬೇಕು. ಕೀಲಿ ತಿರುಗಿಸಿದೊಡನೆ ದೀಪ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಎಲ್ಲೋ ಜೋಡಣೆ ಸಡಿಲವಾಗಿದೆ. ದೀಪ ಅಲುಗದೆ ಉರಿದರೆ ಸೊಲೆನಾಯ್ಡನ್ನೋ ಸ್ವಿಚ್ಚನ್ನೋ ನೋಡಬೇಕು. ತೊಡಕು ಬೇರೆ ಕಡೆ ಇದೆ: ಎಂಜಿಬಿಯ ಬ್ಯಾಟರಿ ಸೀಟಿನ ಹಿಂದೆ, ನೆಲದ ಕೆಳಗೆ ಅಡಗಿರುತ್ತದೆ. ಹಳೆಯ ಕಾರುಗಳಲ್ಲಿ 6 ವೋಲ್ಟಿನವು ಎರಡು. ಅಲ್ಲಿಗೆ ತಲುಪಲು ಸೀಟು ಸರಿಸಬೇಕು, ಕಾರ್ಪೆಟ್ ಎತ್ತಬೇಕು, ಬಾಗಬೇಕು. ಬಾಗಬೇಕಾದ ಯಾವ ಭಾಗವೂ ಯಜಮಾನರ ದೃಷ್ಟಿಯಲ್ಲಿ ಕೆಟ್ಟಿರುವುದಿಲ್ಲ. ಎಂಜಿನ್ನಿನಿಂದ ಕಾರಿನ ಒಡಲಿಗೆ ಹೋಗುವ ಅರ್ತ್ ಪಟ್ಟಿ ಕಡಿದಿರಬಹುದು ಎಂದರೂ ನಂಬರು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಪಟ್ಟಿ ಕಡಿದರೆ ಸೆಲ್ಫಿನ ಕರೆಂಟು ಬೇರೆ ದಾರಿ ಕಾಣದೆ ಚೋಕ್ ತಂತಿಯಲ್ಲಿ ಹಾಯುತ್ತದೆ. ಚೋಕ್ ಗುಬಟಿನಿಂದ ಹೊಗೆ ಎದ್ದ ಮೇಲೆ ನಂಬುತ್ತಾರೆ.

ಎಂಜಿನ್ ತಿರುಗಿಯೂ ಹತ್ತದಿದ್ದರೆ ಕಿಡಿ ನೋಡಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಬಹಳಷ್ಟು ಯಜಮಾನರು ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿರುತ್ತಾರೆ, ಅದರ ಮೇಲೆ ಭರವಸೆಯಿಲ್ಲದೆ ಹಳೆಯ ಪಾಯಿಂಟನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿರುತ್ತಾರೆ. ಕಿಡಿ ಸಿಗದಿದ್ದರೆ ಲೂಕಸ್ ಕಂಪನಿಗೆ ಬೈಗುಳ ಸಲ್ಲುತ್ತದೆ. ಅದರ ವಿದ್ಯುತ್ ಸಾಮಾನಿನ ಬಗ್ಗೆ ಜೋಕು ಹೇಳದ ಯಜಮಾನರಿಲ್ಲ. ಇದು ಅನ್ಯಾಯ. ಐವತ್ತು ವರ್ಷ ಇಂಗ್ಲೆಂಡಿನ ಮಳೆ ಕುಡಿದ ತಂತಿಯ ತುದಿಗೆ ಯಾರ ಹೆಸರಿದ್ದರೂ ತುಕ್ಕು ಹಿಡಿಯುತ್ತಿತ್ತು.

ಈ ಹೊತ್ತಿಗೆ ನೆರೆಯವರು ಸೇರಿರುತ್ತಾರೆ. ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸರಂತೆ ಅವರಿಗೆ ಮಾಡಲು ಕೆಲಸವಿಲ್ಲ, ಹೋಗಲು ಮನಸ್ಸಿಲ್ಲ. ಒಬ್ಬರು ಹಿಂದೆ ಇಂಥದೇ ಕಾರು ಇಟ್ಟುಕೊಂಡಿದ್ದವರು. ಅದನ್ನು ಮಾರಬಾರದಿತ್ತು ಎಂಬುದೊಂದೇ ಅವರ ತಾಂತ್ರಿಕ ಸಲಹೆ. ಇನ್ನೊಬ್ಬರು 2021ರಲ್ಲಿ ಬಂದ ಶೇ 10 ಎಥನಾಲ್ ಬೆರೆತ ಪೆಟ್ರೋಲನ್ನು ದೂರುತ್ತಾರೆ. ಅದು ಹಳೆಯ ರಬ್ಬರ್ ಪೈಪು ಕೆಡಿಸುವುದು ನಿಜ, ಆದರೆ ಒಂದೇ ರಾತ್ರಿಯಲ್ಲಲ್ಲ. ಮಡ್‌ಗಾರ್ಡಿನ ಮೇಲೆ ಹೇನ್ಸ್ ಕೈಪಿಡಿ ತೆರೆದಿರುತ್ತದೆ. ಆ ಸರಣಿ 1966ರಲ್ಲಿ ಶುರುವಾದದ್ದೇ ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಸ್ಪೋರ್ಟ್ಸ್ ಕಾರಿನಿಂದ; ಯಾರ ಕಷ್ಟ ಹೆಚ್ಚು ಎಂಬುದು ಪ್ರಕಾಶಕರಿಗೆ ಗೊತ್ತಿತ್ತು. ಎಣ್ಣೆ ಬೆರಳಿನ ಗುರುತು ಕಾರ್ಬುರೇಟರ್ ಅಧ್ಯಾಯದಲ್ಲಿ ಮಾತ್ರ ಇರುತ್ತದೆ.

ಕೊನೆಗೆ ಉಳಿಯುವುದು ಪೆಟ್ರೋಲ್ ಪಂಪ್. ಕೀಲಿ ತಿರುಗಿಸಿದೊಡನೆ ಕಾರಿನ ಹಿಂಭಾಗದಿಂದ ಟಿಕ್ ಟಿಕ್ ಎಂದು ಕೇಳಿಸಿ, ಕಾರ್ಬುರೇಟರ್ ತುಂಬಿದ ಮೇಲೆ ಆ ಸದ್ದು ನಿಲ್ಲಬೇಕು. ಅಂದು ಬೆಳಗಿನಿಂದ ಕೇಳಿಸಿಯೇ ಇರುವುದಿಲ್ಲ. ಪಂಪಿನೊಳಗೂ ಪಾಯಿಂಟುಗಳಿವೆ, ಅಂಟಿಕೊಂಡರೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಏಳುವುದುಂಟು. ಯಜಮಾನರು ಒದ್ದೆ ನೆಲದಲ್ಲಿ ಮಲಗಿ, ಹಿಂದಿನ ಚಕ್ರದ ಪಕ್ಕ ಕೈ ಹಾಕಿ ತಟ್ಟುತ್ತಾರೆ. ಏಳುವುದಿಲ್ಲ. ಮಲಗಿದ್ದಾಗಲೇ ನೆನಪಾಗುತ್ತದೆ: ಕಳ್ಳರ ಭಯಕ್ಕೆ ಪಂಪಿನ ತಂತಿಗೆ ತಾವೇ ಒಂದು ಗುಪ್ತ ಸ್ವಿಚ್ ಹಾಕಿ, ಯಾರಿಗೂ ಕಾಣದಂತೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬಚ್ಚಿಟ್ಟಿದ್ದರು.

ಸ್ವಿಚ್ ಒತ್ತುವಾಗ ಅವರು ಕಾಗದ ಹುಡುಕುವ ನೆಪದಲ್ಲಿ ಬಗ್ಗುತ್ತಾರೆ. ಎಂಜಿನ್ ಹತ್ತುತ್ತದೆ. "ಕಾರ್ಬುರೇಟರ್ ತೊಳೆದದ್ದು ಒಳ್ಳೆಯದಾಯಿತು" ಎಂದು ನೆರೆಯವರಿಗೆ ತಿಳಿಸುತ್ತಾರೆ. ತೊಳೆದದ್ದರಿಂದ ಜೋಡಿ ಕಾರ್ಬುರೇಟರುಗಳ ಹೊಂದಾಣಿಕೆ ತಪ್ಪಿ ಎಂಜಿನ್ ಕೆಮ್ಮುತ್ತಿರುತ್ತದೆ. ಅದನ್ನು ಸರಿಮಾಡಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಎರಡರ ಉಸಿರೂ ಒಂದೇ ಸಮ ಕೇಳುವವರೆಗೆ ಸ್ಕ್ರೂ ತಿರುಗಿಸಬೇಕು. ಯಜಮಾನರು ಒಳಗೆ ಹೋಗಿ ಕೊಳವೆ ತರುತ್ತಾರೆ.