ಲಾಯರ್ ಯಾಕ್ರೀ ಬೇಕು?

ಅಮೆರಿಕದಲ್ಲಿರುವ ಕನ್ನಡಿಗನಿಗೆ ವಲಸೆ ಕಾನೂನಿನ ಸಲಹೆ ಬೇಕಾದರೆ ಯುಗಾದಿಯ ದಿನ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತರೆ ಸಾಕು. ಕೋಸಂಬರಿ ಹತ್ತಿರ ಬರುವಷ್ಟರಲ್ಲಿ ಎಚ್-1ಬಿ ಬಗೆಹರಿದಿರುತ್ತದೆ, ಹೋಳಿಗೆ ಮುಟ್ಟುವ ಹೊತ್ತಿಗೆ ಗ್ರೀನ್ ಕಾರ್ಡ್. "ಲಾಯರ್ ಯಾಕ್ರೀ ಬೇಕು? ಫಾರ್ಮ್ ತುಂಬೋಕೆ ಬರಲ್ವ? ನಮ್ಮ ಷಡ್ಡಕ ತಾನೇ ಹಾಕ್ಕೊಂಡ, ಆರಾಮಾಗಿ ಬಂತು." ಷಡ್ಡಕ ಹಾಕಿದ್ದು ಕಾರ್ಡಿನ ನವೀಕರಣಕ್ಕೆ, ಕೇಳುತ್ತಿರುವವನು ಕೆಲಸ ಕಳೆದುಕೊಂಡವನು ಎಂಬ ಸಣ್ಣ ವ್ಯತ್ಯಾಸವನ್ನು ಯಾರೂ ಎತ್ತುವುದಿಲ್ಲ. ತಟ್ಟೆ ಹಿಡಿದು ನಿಂತವರಿಗೆ ಅಷ್ಟು ವ್ಯವಧಾನವೆಲ್ಲಿ?

"ಹೇಗೂ ಕಂಪನಿ ಲಾಯರ್ ಇದ್ದಾರಲ್ಲ" ಎನ್ನುವವರು ಇನ್ನು ಕೆಲವರು. ಇದ್ದಾರೆ, ಕಂಪನಿಗೆ. ಗ್ರೀನ್ ಕಾರ್ಡಿನ ಮೊದಲ ಮೆಟ್ಟಿಲಾದ ಪರ್ಮ್ ಅನ್ನೇ ನೋಡಿ. ನೀವು ಕೂತಿರುವ ಕುರ್ಚಿಗೆ ಅರ್ಹ ಅಮೆರಿಕನ್ನರು ಯಾರೂ ಸಿಗಲಿಲ್ಲವೆಂದು ಕಂಪನಿ ಕಾರ್ಮಿಕ ಇಲಾಖೆಗೆ ತೋರಿಸಬೇಕು. ಅದಕ್ಕಾಗಿ ಎರಡು ಭಾನುವಾರ ಪತ್ರಿಕೆಯಲ್ಲಿ ನಿಮ್ಮದೇ ಕೆಲಸಕ್ಕೆ ಜಾಹೀರಾತು ಕೊಡಬೇಕು. ಐದು ವರ್ಷ ಸಂಸಾರ ಮಾಡಿದ ಗಂಡ ಎರಡು ವಾರ 'ವಧು ಬೇಕಾಗಿದೆ' ಎಂದು ಹಾಕಿಸಿ, ಯಾರೂ ಒದಗಲಿಲ್ಲವಾದ್ದರಿಂದ ಇವಳೇ ಇರಲಿ ಎಂದು ಸರ್ಕಾರಕ್ಕೆ ಬರೆದುಕೊಟ್ಟ ಹಾಗೆ. ಈ ಹಂತದ ವಕೀಲರ ಶುಲ್ಕವನ್ನು ಕಂಪನಿಯೇ ಭರಿಸಬೇಕು, ನೌಕರನಿಂದ ವಸೂಲು ಮಾಡಕೂಡದು ಎಂದು 2007ರಿಂದ ನಿಯಮವಿದೆ. ಆ ನಿಯಮದಲ್ಲಿ ನಮ್ಮವರಿಗೆ ಕಂಡದ್ದು 'ಪುಕ್ಕಟೆ' ಎಂಬುದೊಂದೇ. ಫೀಸು ಕೊಟ್ಟವರ ಮಾತನ್ನು ವಕೀಲ ಮೊದಲು ಕೇಳುತ್ತಾನೆ ಎನ್ನುವುದು ತಾಲ್ಲೂಕು ಕೋರ್ಟಿನ ಮುಂದೆ ಚಹಾ ಮಾರುವವನಿಗೂ ಗೊತ್ತು. ಎಂ.ಎಸ್. ಮಾಡಿದವರಿಗೆ ಅದು ಗೊತ್ತಾಗುವುದು ಲೇಆಫ್ ದಿನ.

ಅಲ್ಲಿಂದ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲ ಬೇರೆ ವೀಸಾಕ್ಕೆ ಹಾರಬೇಕು, ಇಲ್ಲ ಸೂಟ್‌ಕೇಸ್ ಕೆಳಗಿಳಿಸಬೇಕು. ಗ್ರೀನ್ ಕಾರ್ಡಿಗೆಂದು ಕಂಪನಿ ಹಾಕಿದ್ದ ಐ-140 ಅರ್ಜಿಯ ಪ್ರತಿ ಎಲ್ಲಿದೆ ಎಂದು ಆಗ ಹುಡುಕಾಟ ಶುರು. ಅದು ಕಂಪನಿಯ ಕಡತದಲ್ಲಿದೆ. ಕಂಪನಿಯ ಲಾಯರಿಗೆ ಮೇಲ್ ಹಾಕಿದರೆ ಬಹಳ ವಿನಯದ ಉತ್ತರ ಬರುತ್ತದೆ: ದಯವಿಟ್ಟು ಸ್ವಂತ ವಕೀಲರನ್ನು ಸಂಪರ್ಕಿಸಿ. ಇಷ್ಟು ವರ್ಷಗಳಲ್ಲಿ ಅವರು ಕೊಟ್ಟ ಅತ್ಯುತ್ತಮ ಸಲಹೆ ಅದು.

ಸ್ವಂತ ವಕೀಲರು ಗಂಟೆಗೆ ಮುನ್ನೂರು ಡಾಲರ್ ಎಂದ ಕೂಡಲೇ ನಮ್ಮವನು ರೂಪಾಯಿಗೆ ಗುಣಿಸುತ್ತಾನೆ. ಟೆಸ್ಲಾ ಕೊಳ್ಳುವಾಗ ಈ ಮಗ್ಗಿ ನೆನಪಾಗುವುದಿಲ್ಲ. 'ಅಸಾಧಾರಣ ಪ್ರತಿಭೆ'ಯನ್ನು ಕೊಳ್ಳುವಾಗಲೂ ಇಲ್ಲ. ಉದ್ಯೋಗದ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000, ಒಂದು ದೇಶದವರಿಗೆ ಶೇಕಡಾ 7ರ ಮಿತಿ. ಆ ಸಾಲನ್ನು ಯಾವ ಲಾಯರೂ ಗಿಡ್ಡ ಮಾಡಲಾರ. ಆದರೆ ಅಸಾಧಾರಣ ಪ್ರತಿಭೆಯವರಿಗೆಂದಿರುವ ಇಬಿ-1ಎ ಸಾಲು ಚಿಕ್ಕದು. ಹತ್ತು ಮಾನದಂಡಗಳಲ್ಲಿ ಮೂರನ್ನು ತೋರಿಸಿದರೆ ಬಾಗಿಲ ಬಳಿ ಹೋಗಿ ನಿಲ್ಲಬಹುದು. ಹಾಗಾಗಿ ಪ್ರಶಸ್ತಿ, ತೀರ್ಪುಗಾರಿಕೆ, ಪ್ರಬಂಧ ಎಲ್ಲವನ್ನೂ ಕಂತಿನಲ್ಲಿ ಒದಗಿಸುವ ಮಹಾನುಭಾವರು ಹುಟ್ಟಿಕೊಂಡಿದ್ದಾರೆ. ಸಾವಿರಾರು ಡಾಲರ್ ಸುರಿದು ಅಸಾಧಾರಣನಾದವನು, ಇದು ನಡೆಯುತ್ತದೆಯೇ ಎಂದು ಒಬ್ಬ ವಕೀಲರನ್ನು ಕೇಳಲು ಮುನ್ನೂರು ಡಾಲರ್ ದುಬಾರಿ ಎನ್ನುತ್ತಾನೆ.

ಇನ್ನು ನಮ್ಮ ಕಾಗದಗಳ ಚೆಂದ. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದ ಜೂನ್ 1 ಪಾಸ್‌ಪೋರ್ಟಿನಲ್ಲಿ, ನಿಜವಾಗಿ ಹುಟ್ಟಿದ ದಿನ ಜಾತಕದಲ್ಲಿ. ಇನಿಷಿಯಲ್ ಒಂದು ದಾಖಲೆಯಲ್ಲಿ ಊರು, ಇನ್ನೊಂದರಲ್ಲಿ ಅಪ್ಪ. ಜನನ ಪತ್ರ ಇಲ್ಲವೆಂದರೆ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ, ಜೊತೆಗೆ ನೀವು ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್. ತನ್ನ ವಯಸ್ಸೇ ನೆಟ್ಟಗೆ ಗೊತ್ತಿಲ್ಲದ ಸೋದರತ್ತೆ ನೋಟರಿಯ ಮುಂದೆ ನಿಮ್ಮ ವಯಸ್ಸಿಗೆ ಸಾಕ್ಷಿ ಹೇಳುತ್ತಾಳೆ. ಇದಕ್ಕೆ ಲಾಯರ್ ಬೇಕಿಲ್ಲ, ತಾಳ್ಮೆ ಬೇಕು, ಅತ್ತೆಯ ಜೊತೆ ಮಾತು ಬಿಟ್ಟಿರಬಾರದು. ಇಂಥ ಕೊರತೆಗೆ ಸಾಮಾನ್ಯವಾಗಿ ಇನ್ನಷ್ಟು ಪುರಾವೆ ಕೇಳುವ ಆರ್‌ಎಫ್‌ಇ ಪತ್ರ ಬರುತ್ತದೆ, ಉತ್ತರ ಕೊಟ್ಟರಾಯಿತು.

ಲಾಯರ್ ಬೇಕಾದ ಜಾಗ ಬೇರೆಯೇ ಇದೆ. ಗಡೀಪಾರು ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಆದರೆ ಸರ್ಕಾರದ ಖರ್ಚಿನಲ್ಲಲ್ಲ. ಕೊಲೆ ಆರೋಪಿಯ ಕೈಯಲ್ಲಿ ಕಾಸಿಲ್ಲದಿದ್ದರೆ ಸರ್ಕಾರವೇ ಲಾಯರ್ ಕೊಡಬೇಕು. ವೀಸಾ ಮುಗಿದ ಅಜ್ಜಿಗೆ ಕೊಡಬೇಕಿಲ್ಲ, ಒಂಟಿಯಾಗಿ ಬಂದ ಮಗುವಿಗೂ ಕೊಡಬೇಕಿಲ್ಲ. ಎದುರಿಗೆ ಸರ್ಕಾರಿ ವಕೀಲರು, ಪೀಠದ ಮೇಲೆ ನ್ಯಾಯ ಇಲಾಖೆಯ ನೌಕರರು. "ಅದೆಲ್ಲ ಗೋಡೆ ಹಾರಿ ಬಂದವರಿಗೆ, ನಮ್ಮಂಥವರಿಗಲ್ಲ" ಎಂದು ವಿಮಾನ ಹತ್ತಿ ಬಂದವರು ಮೂಗು ಮುರಿಯುತ್ತಿದ್ದರು. ಅರ್ಜಿ ತಿರಸ್ಕೃತವಾಗಿ ಸ್ಟೇಟಸ್ ಇಲ್ಲದೆ ಉಳಿದವರಿಗೆ ಕೋರ್ಟಿನ ನೋಟಿಸು ಕೊಡಿ ಎಂದು 2025ರ ಫೆಬ್ರವರಿಯಲ್ಲಿ ವಲಸೆ ಇಲಾಖೆ ತನ್ನ ಅಧಿಕಾರಿಗಳಿಗೆ ಹೇಳಿದೆ. ನೋಟಿಸಿಗೆ ವಿಮಾನವೂ ಒಂದೇ, ಗೋಡೆಯೂ ಒಂದೇ.

ಒಂದೇ ಬೀದಿಯಲ್ಲಿ ಇಬ್ಬರು ಮಹನೀಯರಿದ್ದಾರೆಂದುಕೊಳ್ಳಿ, ಇಬ್ಬರೂ ಪೌರತ್ವಕ್ಕೆ ಹಾಕುವವರು. ಮೊದಲನೆಯವರು ಒಮ್ಮೆ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದು, ಒಂದು ರಾತ್ರಿ ಠಾಣೆಯಲ್ಲಿದ್ದು ಬಂದವರು. ಎಂದಾದರೂ ಬಂಧನವಾಗಿದೆಯೇ ಎಂಬ ಪ್ರಶ್ನೆಗೆ 'ಇಲ್ಲ' ಎಂದು ತಾವೇ ಒತ್ತಿ ಕಳಿಸಿದರು. "ಹಳೇ ಕಥೆ ಬಿಡ್ರಿ, ಅದಕ್ಕೆಲ್ಲ ಲಾಯರಿಗೆ ದುಡ್ಡು ದಂಡ." ಅವರ ಬೆರಳಚ್ಚು ಸರ್ಕಾರದ ಬಳಿ ಅವರಿಗಿಂತ ಚೆನ್ನಾಗಿ ಕಥೆ ಹೇಳುತ್ತದೆ, ಸುಳ್ಳು ಹೇಳಿ ಪಡೆದ ಪೌರತ್ವವನ್ನು ವಾಪಸು ಕಿತ್ತುಕೊಳ್ಳಲು ಕಾನೂನೂ ಇದೆ.

ಎರಡನೆಯವರು ಹಳದಿ ದೀಪ ಕಂಡರೂ ಬ್ರೇಕ್ ಹಾಕುವವರು. ಇವರು ಮಾತ್ರ ಮೂರು ಫೈಲು ಹೊತ್ತು ಲಾಯರಮ್ಮನ ಬಳಿ ಹೋದರು. ಆಕೆ ಎಲ್ಲ ತಿರುವಿ ನೋಡಿ, "ಇದಕ್ಕೆ ನನ್ನ ಅಗತ್ಯವಿಲ್ಲ, ಎನ್-400 ನೀವೇ ಆನ್‌ಲೈನಿನಲ್ಲಿ ಹಾಕಿ, ಸರ್ಕಾರದ ಶುಲ್ಕ 710 ಡಾಲರ್" ಎಂದುಬಿಟ್ಟರು. ಮಹನೀಯರಿಗೆ ಅವಮಾನವಾಯಿತು. "ಏನೂ ಗೊತ್ತಿಲ್ಲ ರೀ ಆಕೆಗೆ, ಹತ್ತೇ ನಿಮಿಷಕ್ಕೆ ಎಬ್ಬಿಸಿ ಕಳಿಸಿದರು" ಎನ್ನುತ್ತ ಈಗ ಬೇರೆ ಲಾಯರನ್ನು ಹುಡುಕುತ್ತಿದ್ದಾರೆ. "ಸ್ವಲ್ಪ ಕಾಸ್ಟ್ಲಿ ಆದರೂ ಪರವಾಗಿಲ್ಲ, ಬಹಳ ಕಷ್ಟದ ಕೇಸು ಅಂತ ಹೇಳೋರು ಯಾರಾದರೂ ಇದ್ದರೆ ತಿಳಿಸಿ."