ನಿಮಗೆ ಡ್ಯಾನ್ಸ್ ಬರೋದಿಲ್ಲ, ಅಲ್ವಾ?

ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಬ್ರಾಂಚಿನ ಕ್ಯಾಶಿಯರ್ ಮೇಡಂ ಮಗಳ ಮದುವೆ, ಕಲ್ಯಾಣಪುರದಲ್ಲಿ. ಕಾರ್ಡ್ ಕೈಗೆ ಬಂದ ಕೂಡಲೇ ನೀವು ಮೊದಲು ಹುಡುಕಿದ್ದು ಎಂತ? ಹುಡುಗನ ಹೆಸರಾ? ಸುಳ್ಳು ಹೇಳ್ಬೇಡಿ ಮಾರಾಯ್ರೆ. ಊಟ ಎಷ್ಟು ಗಂಟೆಗೆ ಅಂತ ನೋಡಿದ್ರಿ. (ಅದೊಂದು ಮಾತ್ರ ಬರೆದಿರೋದಿಲ್ಲ.)

ಮಧ್ಯಾಹ್ನ ಹನ್ನೆರಡಕ್ಕೆ ಎಲೆ ಹಾಕ್ಲಿಲ್ಲ ಅಂದ್ರೆ ಮಂಡೆ ಬಿಸಿ ಆಗುವ ಜನ ನೀವು. ಇಲ್ಲಿ ಇಗರ್ಜಿಯಲ್ಲಿ ಪೂಜೆ ಸಂಜೆ ನಾಲ್ಕಕ್ಕೆ, ಮದುಮಕ್ಕಳು ಹಾಲ್‌ಗೆ ಬರುವಾಗ ಏಳು. ಕೇಕ್ ಆಯ್ತು, ಟೋಸ್ಟ್ ಆಯ್ತು, ನೀವು ಎದ್ದು ಅಂಗಿ ಸರಿ ಮಾಡಿಕೊಂಡ್ರಿ. ಎಂ.ಸಿ. ಮೈಕಿನಲ್ಲಿ ಕೂಗಿದ್ದು ಊಟಕ್ಕಲ್ಲ, ಫಸ್ಟ್ ವಾಲ್ಟ್ಸ್‌ಗೆ. ಕೂತ್ಕೊಳ್ಳಿ ಕೂತ್ಕೊಳ್ಳಿ, ಇನ್ನು ಎರಡು ಗಂಟೆ ಉಂಟು.

ನಿಮ್ಮ ಜಾಗ ನಂಗೊತ್ತುಂಟು. ಕೊನೆಯ ಸಾಲು, ಫ್ಯಾನಿನ ಕೆಳಗೆ, ವೆಜ್ ಕೌಂಟರಿಗೆ ಹತ್ತಿರ. (ವೆಜ್ ಅಂತ ಬಾಯಲ್ಲಿ ಹೇಳೋದು. ಪೋರ್ಕ್ ಬಫಾತಿನ ಪರಿಮಳ ಬರುವಾಗ ಮೂಗು ಎತ್ತ ತಿರುಗ್ತದೆ ಅಂತ ನಾನು ಯಾರಿಗೂ ಹೇಳೋದಿಲ್ಲ.) ಪಕ್ಕದ ಕುರ್ಚಿಗೆ ಕರವಸ್ತ್ರ ಹಾಕಿ ಸೀಟ್ ಹಿಡಿದು, ಕೈಕಟ್ಟಿ ಕೂತು, ಶುರು ಮಾಡ್ತೀರಿ: 'ನಮ್ಮೂರಲ್ಲಿ ಹೀಗೆಲ್ಲ ಡ್ಯಾನ್ಸ್ ಕ್ಲಬ್ ಎಲ್ಲಿಂದ ಬಂತು?'

ಬಂದದ್ದಲ್ಲ, ಇದ್ದದ್ದೇ. ಉಡುಪಿ, ಕಾಪು, ಕಾರ್ಕಳದ ಬಾಲ್‌ರೂಮ್ ಕ್ಲಬ್ಬಿಗೆ ಬೋರ್ಡ್ ಇಲ್ಲ, ಫೀ ಇಲ್ಲ, ಸೆಕ್ರೆಟರಿ ಇಲ್ಲ. ನಿಮ್ಮ ಕಿಸೆಯಲ್ಲಿರುವ ಮದುವೆ ಕಾರ್ಡೇ ಮೆಂಬರ್‌ಶಿಪ್. ಇವತ್ತು ಕಲ್ಯಾಣಪುರ, ನಾಡಿದ್ದು ಶಿರ್ವ, ಬರುವ ವಾರ ಅತ್ತೂರು. ಕ್ರಿಸ್ಮಸ್ ಕಳೆದ ಮೇಲೆ ಒಂದು ಸೀಸನ್, ಈಸ್ಟರ್ ಕಳೆದ ಮೇಲೆ ಇನ್ನೊಂದು. ತಪಸ್ಸುಕಾಲದಲ್ಲಿ ಕ್ಲಬ್ ಬಂದ್, ಆಗ ಮದುವೆಗಳೇ ಇಲ್ಲವಲ್ಲ.

ಮೇಷ್ಟ್ರು ಯಾರು ಅಂತೀರಾ? ಬೊಂಬಾಯಿ ಅಂಕಲ್. ಪ್ರತಿ ಮನೆಯಲ್ಲೂ ಒಬ್ಬರು ಇರ್ತಾರೆ. ಹಳೇ ಕೋಟು, ಹೊಳೆಯುವ ಶೂ, ಮೊಣಕಾಲಿಗೆ ಪಟ್ಟಿ. ಒಂದು ಕಾಲದಲ್ಲಿ ಬೊಂಬಾಯಿಯಲ್ಲಿ ಗೋವಾದ ಬ್ಯಾಂಡಿನವರ ಟ್ರಂಪೆಟ್ ಕೇಳಿ ಬಂದ ಕಾಲು ಅದು. ಹಗಲಿಡೀ ಸೊಂಟನೋವು ಅಂತ ನರಳಿದವರು ವಾಲ್ಟ್ಸ್ ಶುರುವಾದದ್ದೇ ಆಂಟಿಯ ಕೈಹಿಡಿದು ಇಳಿದ್ರು ನೋಡಿ, ನೋವು ಕುರ್ಚಿಯಲ್ಲೇ ಕೂತು ಕಾಯ್ತಾ ಉಂಟು.

ಆಂಟಿಯನ್ನೂ ಸ್ವಲ್ಪ ನೋಡಿ. ಕಾಂಜೀವರಂ ಸೀರೆ, ತಲೆಗೆ ಮಲ್ಲಿಗೆ (ಶಂಕರಪುರದ್ದು, ಮತ್ತೆಂತ), ಆ ಸೀರೆಯಲ್ಲೇ ಫಾಕ್ಸ್‌ಟ್ರಾಟ್. ಒಂದು ನೆರಿಗೆ ಅಲ್ಲಾಡೋದಿಲ್ಲ. ಅವರ ಬೆರಳು ಹಿಡಿದು ಪಾದದ ಮೇಲೆ ಪಾದ ಇಟ್ಟುಕೊಂಡು ಮೊಮ್ಮಗ ತಿರುಗ್ತಾ ಇದ್ದಾನಲ್ಲ, ಅವನು ಈ ವರ್ಷದ ಹೊಸ ಅಡ್ಮಿಷನ್.

ಈಗ ನೀವು ಪಕ್ಕದವರ ಕಿವಿಯಲ್ಲಿ ಹೇಳ್ತೀರಿ, 'ಎಲ್ಲರ ಎದುರು ಹೀಗೆ ಸೊಂಟಕ್ಕೆ ಕೈ ಹಾಕೋದಾ?' ಬೆನ್ನಿಗೆ ಸ್ವಾಮಿ, ಬೆನ್ನಿಗೆ. ಗಂಡಸಿನ ಬಲಗೈ ಹೆಂಗಸಿನ ಎಡ ಭುಜದ ಮೂಳೆಯ ಕೆಳಗೆ, ಅದು ರೂಲು. ನಿಮ್ಮ ಗೊಣಗಾಟ ಹೊಸತೂ ಅಲ್ಲ. 1816ರಲ್ಲಿ ಲಂಡನ್ನಿನ ಅರಮನೆಯಲ್ಲಿ ವಾಲ್ಟ್ಸ್ ಆಡಿದ್ದಕ್ಕೆ 'ಟೈಮ್ಸ್' ಪತ್ರಿಕೆ ಕೆಂಡಾಮಂಡಲವಾಗಿ, ಹೆಣ್ಣು ಹೆತ್ತವರೆಲ್ಲ ಜಾಗ್ರತೆ ಅಂತ ಬರೆದಿತ್ತು. ಇನ್ನೂರು ವರ್ಷ ಲೇಟಾಗಿ ನೀವು ಅದನ್ನೇ ಹೇಳ್ತಾ ಇದ್ದೀರಿ. ಮುಟ್ಟೋದೇ ಬೇಡ ಅಂದ್ರೆ ಗೋವಾದ ಮಾಂಡೊ ಉಂಟು. ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು, ಎದುರು ಬದುರು. ಅದಕ್ಕಾದ್ರೂ ಇಳೀತೀರಾ? ಇಲ್ಲ, ಅಲ್ವಾ?

ಇಳಿಯೋದಿಲ್ಲ ಯಾಕೆಂದ್ರೆ 'ನಂಗೆ ಡ್ಯಾನ್ಸ್ ಬರೋದಿಲ್ಲ'. ಕಾರ್ಕಳದ ಗೊಮ್ಮಟನ ಹಾಗೆ ನಿಂತಲ್ಲೇ ನಿಲ್ಲೋದು. (ಅವನಿಗೆ 42 ಅಡಿ ಎತ್ತರ ಉಂಟು, 1432ರಿಂದ ನಿಂತದ್ದಕ್ಕೆ ಅಭಿಷೇಕವೂ ಉಂಟು. ನಿಮಗೆ ಎಂತ ಸಿಕ್ತು?) ಆದ್ರೆ ನಿಮ್ಮ ಚಪ್ಪಲಿ ಕಡೆ ನೋಡಿ ಒಮ್ಮೆ. ಹೆಬ್ಬೆರಳು ತಾಳ ಹಾಕ್ತಾ ಉಂಟಲ್ಲ, ಅದು ಯಾರದ್ದು?

ಅದಿರಲಿ, ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ಹುಲಿವೇಷದವರ ತಾಸೆ ಪೆಟ್ಟು ಬಿದ್ದಾಗ ಎರಡು ಹೆಜ್ಜೆ ಹಾಕಿದ್ದು ಯಾರು? ಮಗು ಹೆದರಬಾರದು ಅಂತ ಹಾಕಿದ್ದಂತೆ. (ಮಗು ಅಮ್ಮನ ಜೊತೆ ಮೊಸರುಕುಡಿಕೆ ನೋಡ್ತಾ ಇತ್ತು.) ನಿಮ್ಮ ಅಣ್ಣನ ಮಗನ ಮೆಹಂದಿಯಲ್ಲಿ ಡಿಜೆಗೆ ಕುಣಿದ ವೀಡಿಯೋ ಫ್ಯಾಮಿಲಿ ಗ್ರೂಪಿನಲ್ಲಿ ಈಗಲೂ ಉಂಟು. ಹತ್ತು ಗಂಟೆಗೆ ಸೌಂಡ್ ಬಂದ್ ಮಾಡ್ಬೇಕು ಅಂತ ಕಾನೂನು ತೋರಿಸಿ ಅರ್ಧಕ್ಕೆ ನಿಲ್ಲಿಸಿದ್ರು ಅಂತ ಸಿಟ್ಟು ಮಾಡಿಕೊಂಡವರೂ ನೀವೇ. ಮಗಳು ಮಣಿಪಾಲದಲ್ಲಿ ಕಾಲೇಜ್ ಫೆಸ್ಟಿಗೆ ಕುಣಿದ ರೀಲ್ ಬೇರೆ ಎಲ್ಲರಿಗೂ ಫಾರ್ವರ್ಡ್ ಮಾಡಿದ್ದೀರಿ.

ಹಾಗಾದ್ರೆ ಇಲ್ಲಿ ಯಾಕೆ ನಾಚಿಕೆ? ನಾನು ಹೇಳ್ತೇನೆ. ಗುಂಪಿನಲ್ಲಿ ಕುಣಿದ್ರೆ ತಪ್ಪು ಯಾರದ್ದು ಅಂತ ಗೊತ್ತಾಗೋದಿಲ್ಲ. ಜೋಡಿಯಲ್ಲಿ ಕುಣಿದ್ರೆ ಹೆಂಡತಿಗೆ ಗೊತ್ತಾಗ್ತದೆ. ಅದೂ ಕಾರಿಗೆ ಹತ್ತುವ ತನಕ ಕಾಯ್ಲಿಕ್ಕಿಲ್ಲ, ಅಲ್ಲೇ ಹೇಳ್ತಾರೆ.

ಇನ್ನೊಂದು ಗುಟ್ಟುಂಟು, ಹತ್ತಿರ ಬನ್ನಿ. ಬಾಲ್‌ರೂಮಿನಲ್ಲಿ ಜೋಡಿಗಳು ಸುತ್ತೋದು ಅಪ್ರದಕ್ಷಿಣೆಯಾಗಿ. ಮುಂದೆ ಸಾಗುವ ಗಂಡಸಿಗೆ ಗೋಡೆ ಬಲಕ್ಕೆ, ಹಾಲಿನ ನಡು ಎಡಕ್ಕೆ. ನಿಮ್ಮ ಕಾಲು ಇಷ್ಟು ವರ್ಷ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ಪಳಗಿದ್ದು. ಫ್ಲೋರಿಗೆ ಇಳಿದದ್ದೇ ಸೀದಾ ಬೊಂಬಾಯಿ ಅಂಕಲ್‌ಗೆ ಢಿಕ್ಕಿ. (ಎದುರಿನಿಂದ ನುಗ್ಗೋದು ನಿಮಗೆ ಹೊಸತಲ್ಲ, ಕಲ್ಸಂಕದಲ್ಲಿ ನಿಮ್ಮ ಸ್ಕೂಟರ್ ನೋಡಿದ್ದೇನೆ.)

ಅಷ್ಟಕ್ಕೇ ಹೆದರಬೇಡಿ. ಪಕ್ಕಾ ರೂಲಿನ ವಾಲ್ಟ್ಸ್ ಒಂದೆರಡೇ ಹಾಡು. ಆಮೇಲೆ ಜೈವ್, ಆಮೇಲೆ ಬಾಯ್ಲಾ, ಆಮೇಲೆ ಮಸಾಲಾ. ಮಸಾಲಾ ಶುರುವಾದ ಮೇಲೆ ರೂಲು ಎಲ್ಲಿ, ಜೋಡಿ ಎಲ್ಲಿ? ಕೊಂಕಣಿ ಹಾಡಿನ ಬಾಲಕ್ಕೆ ಹಿಂದಿ, ಹಿಂದಿಯ ಬಾಲಕ್ಕೆ ತುಳು. ದುಬೈಯಿಂದ ಬಂದ ಅಳಿಯ, ತೆಂಗಿನಕಾಯಿ ಕೊಯ್ಯಲು ಬರುವವರು, ಹಿಂದಿನ ದಿನ ರೋಸ್‌ನಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಅತ್ತ ದೊಡ್ಡಮ್ಮ, ಎಲ್ಲ ಒಂದೇ ಫ್ಲೋರಿನಲ್ಲಿ. ಮೂರು ವರ್ಷದಿಂದ ಗಡಿ ತಕರಾರಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಒಂದೇ ಸಾಲಿನಲ್ಲಿ ಭುಜ ಹಿಡಿದು ರೈಲು ಬಿಡ್ತಾರೆ. (ನಾಳೆ ಬೆಳಿಗ್ಗೆ ಪುನಃ ಮಾತಿಲ್ಲ, ಅದು ಬೇರೆ.)

ನೀವು ಮಾತ್ರ ಆಗ ಪ್ಲೇಟ್ ಹಿಡಿದು ಕ್ಯೂನಲ್ಲಿ ಮೊದಲನೆಯವರು. ಹಸಿವಾ? ಅಲ್ಲ ಮಾರಾಯ್ರೆ. ಕೈಯಲ್ಲಿ ಪ್ಲೇಟ್ ಇದ್ದವರನ್ನು ಯಾರೂ ಎಳೆಯೋದಿಲ್ಲ ಅಂತ ನಿಮಗೆ ಗೊತ್ತು. ಒಂದು ಸಾನ್ನ ಹಿಡಿದು ಅರ್ಧ ಗಂಟೆ ತಿನ್ನುವ ವಿದ್ಯೆ ನಿಮ್ಮಿಂದ ಕಲೀಬೇಕು.

ಹೋಗ್ಲಿ, ಈಗ ಮನೆಯಲ್ಲೇ ಇದ್ದೀರಿ, ಯಾರೂ ನೋಡೋದಿಲ್ಲ. ಎದ್ದು ನಿಲ್ಲಿ. ವಾಲ್ಟ್ಸ್ ಅಂದ್ರೆ ಮೂರರ ಲೆಕ್ಕ. ಸಂಗೀತ ಕ್ಲಾಸಿನಲ್ಲಿ ಮಗಳು ರೂಪಕ ತಾಳ ಹಾಕೋದು ನೋಡಿದ್ದೀರಲ್ಲ, ಎರಡು ಪೆಟ್ಟು ಒಂದು ಬೀಸು, ಹಾಗೆ. ನಿಮಿಷಕ್ಕೆ 84ರಿಂದ 90 ಪೆಟ್ಟು, ನಿಮ್ಮ ನಾಡಿಗಿಂತ ಸ್ವಲ್ಪ ಜೋರು. (ಈಗ ಹೆದರಿಕೆಗೆ ಅಷ್ಟೇ ಆಗಿರ್ತದೆ, ಸರಿಹೋಯ್ತು.)

ಎಡಗಾಲು ಮುಂದೆ, ಬಲಗಾಲು ಬದಿಗೆ, ಎಡಗಾಲು ತಂದು ಕೂಡಿಸಿ. ಈಗ ಬಲಗಾಲು ಹಿಂದೆ, ಎಡಗಾಲು ಬದಿಗೆ, ಬಲಗಾಲು ಕೂಡಿಸಿ. ನೆಲದ ಮೇಲೆ ಒಂದು ಚೌಕ ಆಯ್ತಾ? ಅಷ್ಟೇ ಇರೋದು. ಕೆಳಗೆ ನೋಡ್ಬೇಡಿ, ಕಾಲು ಎಲ್ಲಿಗೂ ಓಡಿಹೋಗೋದಿಲ್ಲ. ಹಿಂದೆ ಸರಿಯುವಾಗ ಕಪಾಟು ಉಂಟು, ಜಾಗ್ರತೆ.

ಮತ್ತೆ, ಅಡಿಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಾರಲ್ಲ, ಅವರು ಎಷ್ಟು ಹೊತ್ತಿನಿಂದ ನಿಂತಿದ್ದಾರೆ ಅಂತ ಕೇಳ್ಲಿಕ್ಕೆ ಹೋಗ್ಬೇಡಿ. ಹೆಂಗಸರಿಗೆ ಬಲಗಾಲು ಹಿಂದೆಯಿಂದ ಶುರು ಅಂತ ಮೊದಲು ಹೇಳಿ. ಸೌಟು ಕೆಳಗೆ ಇಡ್ಲಿಕ್ಕೂ ಹೇಳಿ.