ಎರಡು ತಿರುಪು, ಒಂದು ಹಗ್ಗ

ನಮ್ಮ ಕುಂದಾಪುರದ ಕಡೆ ಮದುವೆಗೆ ಗಂಡು ಹುಡುಕುವಾಗಲೂ ಅಷ್ಟು ಜನ ಬುದ್ಧಿ ಹೇಳುವುದಿಲ್ಲ. ದೋಣಿಗೆ ಔಟ್‌ಬೋರ್ಡ್ ಎಂಜಿನ್ ಕಟ್ಟುವಾಗ ಹೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕಾ ಬೋಟುಗಳಿಗೆ ರಜೆ. ಗಂಗೊಳ್ಳಿ, ಉಪ್ಪುಂದ, ಶಿರೂರು, ಕೋಡಿ ಬೆಂಗ್ರೆಯಲ್ಲಿ ಆಗ ನಾಡದೋಣಿಗಳದ್ದೇ ದರ್ಬಾರು. ಅವುಗಳ ಎಂಜಿನ್ ಮಾತ್ರ 10 ಅಶ್ವಶಕ್ತಿ ಮೀರುವಂತಿಲ್ಲ.

ಇಷ್ಟು ದೊಡ್ಡ ದರ್ಬಾರು ನಿಂತಿರುವುದು ಎಂಜಿನ್ನನ್ನು ದೋಣಿಯ ಹಿಂಬದಿಯ ಹಲಗೆಗೆ ಬಿಗಿದು ಹಿಡಿಯುವ ಎರಡು ಕೈತಿರುಪಿನ ಮೇಲೆ. "ಗಟ್ಟಿ ಇತ್ತಾ ಮಾರಾಯಾ?" ಎಂದು ಮುಂದೆ ಕೂತವ ಕೇಳುತ್ತಾನೆ. "ಇತ್ತ್, ಇತ್ತ್" ಎನ್ನುತ್ತಾನೆ ಹಿಂದಿನವ, ತಿರುಪು ಮುಟ್ಟದೆಯೇ! ಎಂಜಿನ್ನಿಗೆ ಬಾಯಿಮಾತು ಸಾಲದು. ಅದು ನಡುಗಿ ನಡುಗಿ ತಿರುಪನ್ನು ಕೂದಲೆಳೆಯಷ್ಟೇ ಸಡಿಲಿಸುತ್ತದೆ. ಅಳಿವೆಯ ತೆರೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಪಂಚಗಂಗಾವಳಿಗೆ ಐದು ನದಿ ಸೇರುವುದು ಸಾಕು, ಆರನೆಯದಾಗಿ ನಮ್ಮ ಎಂಜಿನ್ ಸೇರಬೇಕಾಗಿಲ್ಲ.

ಹಾಗೆಂದು ಸುತ್ತಿಗೆ ತೆಗೆದುಕೊಂಡು ತಿರುಪಿನ ಕಿವಿ ಹಿಂಡುವ ಪೈಲ್ವಾನರೂ ಇದ್ದಾರೆ. ಕಿವಿ ಮುರಿದ ಮೇಲೆ ಬಿಗಿಯುವುದೂ ಇಲ್ಲ, ಬಿಚ್ಚುವುದೂ ಇಲ್ಲ. ಹಲಗೆ ಕೊಳೆತಿದ್ದರಂತೂ ಯಾವ ಪೈಲ್ವಾನನ ಆಟವೂ ನಡೆಯುವುದಿಲ್ಲ.

ಆದ್ದರಿಂದ ತಿರುಪಿಗೆ ಗ್ರೀಸ್ ಹಚ್ಚಿ, ಎರಡನ್ನೂ ಸಮವಾಗಿ ಕೈಯಲ್ಲೇ ಬಿಗಿಯಿರಿ. ಸ್ವಲ್ಪ ಓಡಿಸಿ ಮತ್ತೊಮ್ಮೆ ಬಿಗಿಯಿರಿ. ಎಂಜಿನ್ನಿಗೊಂದು ಗಟ್ಟಿ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ದೋಣಿಗೇ ಬಿಗಿಯಿರಿ. "ಇತ್ತ್, ಇತ್ತ್" ಎಂದವನ ಸೊಂಟಕ್ಕಲ್ಲ!